ಮಾವನ ಕಾರು ಬೆಟ್ಟ ಹತ್ತುವಾಗ ಮಾತ್ರ ಯಾಕೆ ಬಿಸಿಯೇರುತ್ತಿತ್ತು: ಕೂಲಂಟ್ ಲೈನಲ್ಲಿ ಏರ್ ಹಿಡಿದ ಒಂದು ಪ್ರಕರಣ

ನಮ್ಮ ಸೋದರಮಾವ ಇರುವುದು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಾನು ಮೈಸೂರಿನಲ್ಲಿ. ಅವರ ಕಾರು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಒಂದು ಲಕ್ಷ ಹತ್ತು ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳಲ್ಲಿ ಮೂರು ಸಲ ಎಂಜಿನ್ ಕಾದು ನಿಂತಿತ್ತು. ಮೂರು ಸಲ ಗ್ಯಾರೇಜಿಗೆ ಹೋಗಿ ಬಂದಿತ್ತು, ಖರ್ಚು ಒಂಬತ್ತು ಸಾವಿರ ದಾಟಿತ್ತು. ನಾಲ್ಕನೇ ಸಲ ವಾಟರ್ ಬಾಡಿ (ಎಂಜಿನ್ನಿನ ನೀರಿನ ಪಂಪ್) ಬದಲಾಯಿಸಬೇಕು ಅಂದಾಗ ಮಾವ ನನಗೆ ಫೋನ್ ಮಾಡಿದರು. "ಅಲ್ಲ ಕಣ್ಲಾ, ಹೊಸ ಪೈಪು, ಹೊಸ ಥರ್ಮೋಸ್ಟಾಟು, ಹೊಸ ಫ್ಯಾನು, ಎಲ್ಲಾನೂ ಹಾಕ್ಸಿದ್ದಾಯ್ತು. ಆದ್ರೂ ಬೆಟ್ಟ ಹತ್ತಿದ್ರೆ ಕಾಯ್ತದೆ. ಇನ್ನೇನು ಉಳಿದದೆ ಅದ್ರೊಳಗೆ?"

ಉಳಿದಿದ್ದದ್ದು ಗಾಳಿ, ಎಂಜಿನ್ ತಣ್ಣಗಿಡಲು ಅದರೊಳಗೆ ಸುತ್ತುವ ಕೂಲಂಟ್ ದ್ರವದ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ. ಅದನ್ನು ಕಂಡುಹಿಡಿಯೋಕೆ ನನಗೆ ಒಂದು ಭಾನುವಾರ, ತೆಗೆಯೋಕೆ ಮುಂದಿನ ಭಾನುವಾರದ ತನಕ ಹಿಡಿಯಿತು. ಇದೇ ತೊಂದರೆಗೆ ಒಂದೊಂದೇ ಪಾರ್ಟ್ ಬದಲಾಯಿಸಿಕೊಂಡು ಹೋಗುತ್ತಿರುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಹನ್ನೆರಡು ವರ್ಷದಿಂದ ನನ್ನ ಕಾರಿನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಅಷ್ಟೇ.

ಮೊದಲು ಹಿನ್ನೆಲೆ. ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ಸೀಳು ಬಿಟ್ಟು ಕೂಲಂಟ್ ಸೋರಿತ್ತು. ಮಾವ ಎರಡು ದಿನ ಬೋರ್ ನೀರು ತುಂಬಿಕೊಂಡು ಓಡಿಸಿದರು. ಆಮೇಲೆ ಗ್ಯಾರೇಜಿನಲ್ಲಿ ಹೊಸ ಪೈಪ್ ಹಾಕಿ, ರೇಡಿಯೇಟರ್ ಬಾಯಿತನಕ ಕೂಲಂಟ್ ತುಂಬಿ, ಕ್ಯಾಪ್ ಮುಚ್ಚಿ ಕೊಟ್ಟರು. ಇಪ್ಪತ್ತು ನಿಮಿಷದ ಕೆಲಸ. ಮೂರನೇ ದಿನ ಚಾಮುಂಡಿ ಬೆಟ್ಟಕ್ಕೆ ಹೋಗುವಾಗ ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಬಂತು. ಗ್ಯಾರೇಜಿನವರು ಥರ್ಮೋಸ್ಟಾಟ್, ಅಂದರೆ ಬಿಸಿ ಏರಿದಾಗ ಬಾಯಿ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಬದಲಾಯಿಸಿದರು. ಎರಡು ವಾರ ಬಿಟ್ಟು ಮೇಲುಕೋಟೆ ಏರಿನಲ್ಲಿ ಮತ್ತೆ ಕಾಯಿತು. ಫ್ಯಾನ್ ಮೋಟಾರ್ ಬದಲಾಯಿಸಿದರು. ಮತ್ತೆ ಚಾಮುಂಡಿ ಬೆಟ್ಟ, ಮತ್ತೆ ಕೆಂಪು. ಹೈವೇಯಲ್ಲಿ ಮಾತ್ರ ಮಂಡ್ಯದಿಂದ ಮೈಸೂರಿಗೆ ಎಂಬತ್ತು ತೊಂಬತ್ತರಲ್ಲಿ ಆರಾಮಾಗಿ ಬರುತ್ತಿತ್ತು, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಆ ಭಾನುವಾರ ಮಾವ ಕಾರು ತಂದರು. ನನ್ನ ಹತ್ತಿರ ಒಂದು ಸಣ್ಣ ಬ್ಲೂಟೂತ್ ಸ್ಕ್ಯಾನರ್ ಇದೆ, ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ಎಂಜಿನ್ ಬಿಸಿ ಎಷ್ಟು ಅಂತ ಫೋನಿನಲ್ಲಿ ಡಿಗ್ರಿ ಲೆಕ್ಕದಲ್ಲಿ ತೋರಿಸುತ್ತದೆ. ಮೀಟರಿನ ಮುಳ್ಳನ್ನು ನಾನು ಜಾಸ್ತಿ ನಂಬುವುದಿಲ್ಲ. ಬಹಳ ಕಾರುಗಳಲ್ಲಿ ಅದು 80ರಿಂದ 100 ಡಿಗ್ರಿವರೆಗೂ ನಡುವೆಯೇ ನಿಂತಿರುತ್ತದೆ, ಅಲ್ಲಾಡುವ ಹೊತ್ತಿಗೆ ತಡವಾಗಿರುತ್ತದೆ. ನಗರದೊಳಗೆ ಸಿಗ್ನಲ್‌ನಲ್ಲಿ ನಿಂತಾಗ 97ಕ್ಕೆ ಫ್ಯಾನ್ ಬಂತು, 92ಕ್ಕೆ ನಿಂತಿತು. ಸರಿಯಾಗಿಯೇ ಇದೆ. ಬೆಟ್ಟದ ರಸ್ತೆ ಹಿಡಿದೆವು. ಎರಡನೇ ಗೇರಿನಲ್ಲಿ ತಿರುವು ಹತ್ತುತ್ತಿದ್ದ ಹಾಗೆ 99, 104, 108. ಆಮೇಲೆ ಒಂದೇ ಸಲ 81! ಹತ್ತು ಸೆಕೆಂಡ್ ಬಿಟ್ಟು ಮತ್ತೆ 103.

ಈ 81 ನೋಡಿದ ಕ್ಷಣವೇ ನನಗೆ ಅನುಮಾನ ಶುರುವಾಯಿತು. ಅಷ್ಟು ಲೋಹ, ಅಷ್ಟು ನೀರು ಇರುವ ಎಂಜಿನ್ ಒಂದೆರಡು ಸೆಕೆಂಡಿನಲ್ಲಿ 27 ಡಿಗ್ರಿ ತಣ್ಣಗಾಗಲು ಸಾಧ್ಯವೇ ಇಲ್ಲ. ತಣ್ಣಗಾಗಿದ್ದು ಎಂಜಿನ್ ಅಲ್ಲ, ಸೆನ್ಸರ್. ಆ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಅದರ ತುದಿಗೆ ಗಾಳಿ ಗುಳ್ಳೆ ಬಂದು ನಿಂತರೆ ಎಂಜಿನ್ ಒಳಗೆ ಬೇಯುತ್ತಿದ್ದರೂ ತೋರಿಸುವ ನಂಬರ್ ಬೇರೆಯೇ. ಮುಳ್ಳು ಏರಿದಾಗ ಎಲ್ಲರೂ ಹೆದರುತ್ತಾರೆ. ಆದರೆ ಏರಿದ ಮುಳ್ಳು ಕಾರಣವಿಲ್ಲದೆ ಜರ್ರನೆ ಇಳಿದರೆ ಅದಕ್ಕೇ ಜಾಸ್ತಿ ಹೆದರಬೇಕು.

ಪಕ್ಕಕ್ಕೆ ನಿಲ್ಲಿಸಿ ಎ.ಸಿ. ಆಫ್ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಹೀಟರ್ ಪೂರ್ತಿ ತಿರುಗಿಸಲು ಹೋದೆ. ನಾಬ್ ತಿರುಗಲೇ ಇಲ್ಲ. ಮಾವ ಈ ಕಾರು ತಗೊಂಡ ಮೇಲೆ ಅದನ್ನು ಒಂದು ಸಲವೂ ಮುಟ್ಟಿರಲಿಲ್ಲ. ನಮ್ಮ ಮಂಡ್ಯ ಬಿಸಿಲಿಗೆ ಹೀಟರ್ ಯಾರು ಹಾಕುತ್ತಾರೆ ಹೇಳಿ? ಸ್ವಲ್ಪ ಒತ್ತಿ ತಿರುಗಿಸಿದ ಮೇಲೆ ಕಟಕ್ ಅಂತ ಬಿಡಿಸಿಕೊಂಡು ಹೊರಳಿತು. ಬ್ಲೋವರ್ ಮೂರಕ್ಕೆ ಹಾಕಿ ಕೈ ಇಟ್ಟೆ. ತಣ್ಣನೆ ಗಾಳಿ. ಎಂಜಿನ್ 103ರಲ್ಲಿದೆ, ಅದೇ ನೀರು ಹೀಟರಿನೊಳಗೂ ಹರಿಯಬೇಕು, ಕೈ ಸುಡುವಷ್ಟು ಬಿಸಿ ಬರಬೇಕು. ಬರುತ್ತಿರುವುದು ಫ್ಯಾನ್ ಗಾಳಿ. ಜೊತೆಗೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಕೊಡದಿಂದ ನೀರು ಬಗ್ಗಿಸಿದ ಹಾಗೆ ಬುಳಬುಳ ಸದ್ದು. "ಈ ಸದ್ದು ಎರಡು ತಿಂಗಳಿಂದ ಬತ್ತಾ ಅದೆ, ಎ.ಸಿ. ನೀರು ಅಂದ್ಕೊಂಡಿದ್ದೆ" ಅಂದರು ಮಾವ.

ಚಳಿ ಇರುವ ಊರಿನಲ್ಲಾದರೆ ಈ ತೊಂದರೆ ಮೊದಲ ದಿನವೇ ಸಿಕ್ಕಿಬೀಳುತ್ತದೆ, ಹೀಟರ್ ತಣ್ಣಗಾಯಿತು ಅಂತ ಓಡಿಸುವವರೇ ಹೇಳುತ್ತಾರೆ. ನಮಗೆ ಆ ಸುಳಿವು ಸಿಗುವುದೇ ಇಲ್ಲ. ಇನ್ನೂ ಒಂದು ವಿಷಯ ಇದೆ. ಈ ಕಾರಿನಲ್ಲಿ ಹೀಟರಿಗೆ ಹೋಗುವ ನೀರಿಗೆ ಒಂದು ವಾಲ್ವ್ ಇದೆ, ನಾಬ್ ತಣ್ಣನೆ ಕಡೆ ಇದ್ದರೆ ಆ ವಾಲ್ವ್ ಮುಚ್ಚಿರುತ್ತದೆ. ಪೈಪ್ ಬದಲಾಯಿಸಿ ಕೂಲಂಟ್ ತುಂಬಿದ ದಿನ ನಾಬ್ ತಣ್ಣನೆ ಕಡೆಯೇ ಇತ್ತು. ಅಂದರೆ ಹೀಟರ್ ಕೋರಿನೊಳಗಿನ, ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಬಿಸಿನೀರು ಹರಿಯುವ ಸಣ್ಣ ರೇಡಿಯೇಟರಿನೊಳಗಿನ ಗಾಳಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಎಲ್ಲ ಕಾರಿನಲ್ಲೂ ಈ ವಾಲ್ವ್ ಇರುವುದಿಲ್ಲ, ಕೆಲವದರಲ್ಲಿ ನೀರು ಯಾವಾಗಲೂ ಹರಿಯುತ್ತಿರುತ್ತದೆ. ಆದರೂ ಕೂಲಂಟ್ ತುಂಬುವಾಗ ಹೀಟರ್ ನಾಬ್ ಪೂರ್ತಿ ಬಿಸಿಗೆ ಇಟ್ಟುಬಿಡುವುದು ಒಳ್ಳೆಯದು, ನಷ್ಟ ಏನೂ ಇಲ್ಲ.

ಮಾವನಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು ಅಂತ ಯೋಚಿಸುವಷ್ಟರಲ್ಲಿ ಅವರೇ ಕೇಳಿದರು, "ನಮ್ ಪಂಪ್‌ಸೆಟ್ ಮೋಟ್ರು ಏರ್ ಹಿಡ್ದಂಗಾ?" ಹೌದು, ಅದೇ! ಬಾವಿ ಮೇಲೆ ಕೂರಿಸಿದ ಮೋಟರಿಗೆ ಏರ್ ಹಿಡಿದರೆ ಏನಾಗುತ್ತದೆ? ಮೋಟರ್ ಗಿರ್ರನೆ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಮೇಲಿನಿಂದ ಕೊಡದಲ್ಲಿ ನೀರು ಹೊಯ್ದು ಗಾಳಿ ಹೊರಡಿಸಿದ ಮೇಲೆಯೇ ಅದು ಎಳೆಯೋದು. ಕಾರಿನ ವಾಟರ್ ಬಾಡಿಯೂ ಅದೇ ಜಾತಿಯ ಪಂಪ್. ಒಳಗಿನ ರೆಕ್ಕೆ ನೀರನ್ನು ತಳ್ಳುತ್ತದೆ, ಗಾಳಿಯನ್ನು ತಳ್ಳಲಾರದು. ಹೈವೇಯಲ್ಲಿ ಎಂಜಿನ್ ಜೋರಾಗಿ ತಿರುಗುವಾಗ, ಮುಂದಿನಿಂದ ಗಾಳಿ ಬೀಸುವಾಗ ಹೇಗೋ ನಡೆದುಹೋಗುತ್ತದೆ. ಬೆಟ್ಟದಲ್ಲಿ ವೇಗ ಕಡಿಮೆ, ಎಂಜಿನ್ ಮೇಲೆ ಹೊರೆ ಜಾಸ್ತಿ. ಆಗ ನೀರು ಮುಟ್ಟದ ಜಾಗದಲ್ಲಿ ಲೋಹ ಕಾದು, ಪಕ್ಕದ ನೀರು ಆವಿಯಾಗಿ, ಆ ಆವಿ ಇನ್ನಷ್ಟು ನೀರನ್ನು ಆಚೆ ತಳ್ಳುತ್ತದೆ. ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಅಲ್ಯೂಮಿನಿಯಂ ಹೆಡ್ ಇದನ್ನು ಬಹಳ ದಿನ ತಡೆದುಕೊಳ್ಳುವುದಿಲ್ಲ. ಸೊಟ್ಟಗಾದರೆ ಹೆಡ್ ಬಿಚ್ಚಿಸಬೇಕು, ಆ ಖರ್ಚಿನ ಮುಂದೆ ಒಂಬತ್ತು ಸಾವಿರ ಏನೂ ಅಲ್ಲ.

ಹಾಗಾಗಿ ಗಾಳಿ ತೆಗೆಯುವ ಮೊದಲು ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲು) ಹೋಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಹೊಗೆಯೇ ಕೂಲಂಟಿಗೆ ಬಂದು ಸೇರುತ್ತಿರುತ್ತದೆ, ನಾವು ತೆಗೆದಷ್ಟೂ ಮತ್ತೆ ತುಂಬುತ್ತದೆ. ಕಾರನ್ನು ರಾತ್ರಿ ನಮ್ಮ ಮನೆ ಮುಂದೆಯೇ ಬಿಟ್ಟೆವು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮೇಲಿನ ಹೋಸ್ ಹಿಚುಕಿ ನೋಡಿದೆ, ಮೆತ್ತಗೆ ಇತ್ತು. ಗ್ಯಾಸ್ಕೆಟ್ ಹೋಗಿದ್ದರೆ ರಾತ್ರಿ ಕಳೆದರೂ ಒತ್ತಡ ಉಳಿದು ಗಟ್ಟಿಯಾಗಿರುವುದು ಉಂಟು. ಆಯಿಲ್ ಕ್ಯಾಪ್ ಒಳಗೆ ಮಜ್ಜಿಗೆ ಬಣ್ಣದ ನೊರೆ ಇಲ್ಲ. ಸೈಲೆನ್ಸರಿನಲ್ಲಿ ಬಿಡದೆ ಬರುವ ಬಿಳಿ ಹೊಗೆ ಇಲ್ಲ. ಗೆಳೆಯನ ಹತ್ತಿರ ಗ್ಯಾಸ್ ಪರೀಕ್ಷೆ ಮಾಡುವ ನೀಲಿ ದ್ರವದ ಕೊಳವೆ ಇತ್ತು, ರೇಡಿಯೇಟರ್ ಬಾಯಿಗೆ ಇಟ್ಟು ಆವಿ ಎಳೆದರೆ ಅದರಲ್ಲಿ ಹೊಗೆ ಇದ್ದಾಗ ನೀಲಿ ಹೋಗಿ ಹಳದಿ ಆಗುತ್ತದೆ. ಹತ್ತು ನಿಮಿಷ ಹಿಡಿದರೂ ನೀಲಿಯಾಗಿಯೇ ಇತ್ತು. ನಿಜ ಹೇಳಬೇಕೆಂದರೆ ಆಗ ನನಗೆ ಜೀವ ಬಂದ ಹಾಗಾಯಿತು, ಮಾವನ ಕೈಲಿ ಆ ಖರ್ಚು ಮಾಡಿಸುವ ಮನಸ್ಸಿರಲಿಲ್ಲ.

ರೇಡಿಯೇಟರ್ ಕ್ಯಾಪ್ ತೆಗೆದಾಗ ಕೂಲಂಟ್ ಬಾಯಿತನಕ ಇತ್ತು. ಇದನ್ನು ಗಮನಿಸಿ. ಮೂರು ಸಲ ಗ್ಯಾರೇಜಿನವರು ನೋಡಿದ್ದೂ ಇದನ್ನೇ, ತುಂಬಿದೆ ಅಂದುಕೊಂಡಿದ್ದೂ ಇದರಿಂದಲೇ. ಆದರೆ ಬಾಯಿ ತುಂಬಿದ್ದು ಮಾತ್ರ ಕಾಣುತ್ತದೆ. ಈ ಕಾರಿನಲ್ಲಿ ಹೀಟರಿನ ಪೈಪುಗಳು ರೇಡಿಯೇಟರ್ ಬಾಯಿಗಿಂತ ನಾಲ್ಕು ಬೆರಳು ಎತ್ತರದಲ್ಲಿವೆ. ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕಿಕೊಂಡು ಕೂರುತ್ತದೆ, ಬಾಯಿ ಅದಕ್ಕಿಂತ ಕೆಳಗಿದ್ದರೆ ಹೊರಗೆ ಬರುವುದಾದರೂ ಹೇಗೆ?

ಮೊದಲ ಪ್ರಯತ್ನ ಅಲ್ಲೇ ಮೈಸೂರಿನಲ್ಲಿ, ಮನೆ ಮುಂದಿನ ಸಮತಟ್ಟಾದ ರಸ್ತೆಯಲ್ಲಿ. ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ದೊಡ್ಡ ಫನಲ್ ಹಾಕಿ, ಅರ್ಧ ಕೂಲಂಟ್ ತುಂಬಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಎಂಜಿನ್ ಶುರು ಮಾಡಿದೆ. ಗುಳ್ಳೆ ಬಂದವು, ಚೆನ್ನಾಗಿಯೇ ಬಂದವು, 700 ಮಿಲಿ ಕೂಲಂಟ್ ಒಳಗೆ ಹೋಯಿತು. ಎಲ್ಲೂ ಒಂದು ತೊಟ್ಟು ಸೋರಿಕೆ ಇಲ್ಲದ, ತುಂಬಿದೆ ಅಂತಿದ್ದ ಸಿಸ್ಟಮ್‌ಗೆ ಮುಕ್ಕಾಲು ಲೀಟರ್ ಹತ್ತಿರ! ಹೀಟರಿನಲ್ಲಿ ಉಗುರುಬೆಚ್ಚಗೆ ಗಾಳಿ ಬಂತು. ಇಷ್ಟಕ್ಕೆ ಮುಗಿಯಿತು ಅಂತ ನಾನು ನಿಲ್ಲಿಸಿದ್ದು ತಪ್ಪು. ಉಗುರುಬೆಚ್ಚಗೆ ಅಂದರೆ ಅರ್ಧ ಗಾಳಿ ಒಳಗೇ ಇದೆ ಅಂತ ಅರ್ಥ. ಮಾವ ಊರಿಗೆ ಹೋದರು, ಬುಧವಾರ ಫೋನ್ ಬಂತು. ಹೀಟರ್ ಮತ್ತೆ ತಣ್ಣಗೆ, ಬುಳಬುಳ ಮತ್ತೆ ಶುರು.

ಮುಂದಿನ ಭಾನುವಾರ ನಾನೇ ಊರಿಗೆ ಹೋದೆ. ಈ ಸಲ ಆತುರ ಮಾಡಲಿಲ್ಲ. ತಣ್ಣಗಿದ್ದ ಎಂಜಿನ್ ಶುರು ಮಾಡಿ, ಒಂದು ಕಣ್ಣು ಫೋನಿನ ನಂಬರ್ ಮೇಲೆ, ಒಂದು ಕೈ ಮೇಲಿನ ಹೋಸ್ ಮೇಲೆ. ಈ ಕಾರಿನ ಥರ್ಮೋಸ್ಟಾಟ್ ಮೇಲೆ 82 ಅಂತ ಅಚ್ಚು ಹಾಕಿದ್ದಾರೆ, ಅಂದರೆ ಅಷ್ಟು ಬಿಸಿಗೆ ಬಾಯಿ ಬಿಡಲು ಶುರು ಮಾಡಬೇಕು, ಹೋಸ್ ನಿಧಾನಕ್ಕೆ ಬಿಸಿಯಾಗುತ್ತಾ ಬರಬೇಕು. ಇಲ್ಲಿ 85 ಆಯಿತು, 90 ಆಯಿತು, ಹೋಸ್ ತಣ್ಣಗೇ ಇದೆ. 96ಕ್ಕೆ ಒಂದೇ ಸಲ ಸುಟ್ಟಿತು. ಹೊಸ ಥರ್ಮೋಸ್ಟಾಟ್ ಹೀಗೆ ಮಾಡುತ್ತಿದೆ ಅಂದರೆ ಅದರ ಬುಡಕ್ಕೆ ಬಿಸಿನೀರು ಮುಟ್ಟುತ್ತಿಲ್ಲ. ಒಳಗಿರುವ ಮೇಣ ಬಿಸಿನೀರಿಗೆ ಹಿಗ್ಗಿ ಬಾಯಿ ತೆರೆಸುತ್ತದೆ, ಗಾಳಿ ಸುತ್ತಿಕೊಂಡಿದ್ದರೆ ಮೇಣಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಅಷ್ಟರಲ್ಲಿ ಊಟ ಮುಗಿಸಿ ಬಂದು, ಕೆಳಗೆ ಟ್ರೇ ಇಟ್ಟು ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿದೆ. ಥರ್ಮೋಸ್ಟಾಟ್ ತಟ್ಟೆಯ ಅಂಚಿನಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಒಂದು ಪಿನ್ ಅಲ್ಲಾಡುತ್ತಾ ನೇತಾಡುತ್ತಿರುತ್ತದೆ. ಬಾಯಿ ಮುಚ್ಚಿದ್ದಾಗಲೂ ಹಿಂದೆ ಸೇರಿದ ಗಾಳಿ ನುಸುಳಿ ಹೋಗಲಿ ಅಂತ ಇಟ್ಟಿರುವ ಕಿಂಡಿ ಅದು. ಗಾಳಿ ಮೇಲೇರುತ್ತದೆ, ಹಾಗಾಗಿ ಥರ್ಮೋಸ್ಟಾಟ್ ನಿಂತ ಹಾಗೆ ಕೂರುವ ಎಂಜಿನ್ನುಗಳಲ್ಲಿ ಪಿನ್ ಮೇಲ್ಗಡೆ ಇರಬೇಕು, ಗಡಿಯಾರದ ಹನ್ನೆರಡು ಗಂಟೆ ಜಾಗದಲ್ಲಿ. ಇಲ್ಲಿ ಆರು ಗಂಟೆ ಜಾಗದಲ್ಲಿತ್ತು. ತಲೆಕೆಳಗಾಗಿ ಹಾಕಿದ್ದರು. ಪೈಪ್ ಹಾಕಿದಾಗ ಸೇರಿದ ಗಾಳಿ ಮೊದಲ ತಪ್ಪು, ಅದನ್ನು ಸರಿಮಾಡಲು ಹೋಗಿ ಹಾಕಿದ ಪಾರ್ಟು ಆ ಗಾಳಿ ಆಚೆ ಬರಲು ಇದ್ದ ಕಿಂಡಿಯನ್ನೂ ನೀರಿನೊಳಗೆ ಮುಳುಗಿಸಿತ್ತು. ಹೊಸ ರಬ್ಬರ್ ರಿಂಗ್ ಹಾಕಿ ಪಿನ್ ಮೇಲಕ್ಕೆ ತಿರುಗಿಸಿ ಕೂರಿಸಿದೆ.

ಆ ಹೊತ್ತಿಗೆ ಕೊಟ್ಟಿಗೆಯಿಂದ ಬಿಡಿಸಿಕೊಂಡು ಬಂದ ಎಮ್ಮೆಕರು ಟ್ರೇಗೆ ಮೂತಿ ಹಾಕಲು ಬಂತು. ಮಾವ ತಕ್ಷಣ ಎಳೆದುಕೊಂಡರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಹಸಿರು ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ದನ, ನಾಯಿ, ಬೆಕ್ಕು ನೆಕ್ಕುತ್ತವೆ, ಮಕ್ಕಳಿಗೂ ಬಣ್ಣ ನೋಡಿ ಆಸೆಯಾಗುತ್ತದೆ. ಅದು ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡ ಹಾಳುಮಾಡುತ್ತದೆ. ಹಳ್ಳಿಯಲ್ಲಿ ಕೆಲಸ ಮಾಡುವಾಗ ಟ್ರೇ ಮುಚ್ಚಿಡಿ, ನೆಲಕ್ಕೆ ಚೆಲ್ಲಿದ್ದರೆ ತಕ್ಷಣ ಹಳೇ ಬಟ್ಟೆಯಲ್ಲಿ ಒರೆಸಿ ತೆಗೆದು, ಆಮೇಲೆ ಜಾಗ ತೊಳೆಯಿರಿ. ಚರಂಡಿಗೋ ಗದ್ದೆಗೋ ಸುರಿಯಬೇಡಿ.

ಟ್ರೇಯಲ್ಲಿ ಬಿದ್ದಿದ್ದನ್ನು ಅಳೆದೆ, 400 ಮಿಲಿ. ಬರೆದಿಟ್ಟುಕೊಂಡೆ. ಎಷ್ಟು ಹೊರಗೆ ಬಂತು, ಎಷ್ಟು ಒಳಗೆ ಹೋಯಿತು ಅನ್ನುವ ಲೆಕ್ಕ ಇಲ್ಲದೆ ಈ ಕೆಲಸ ಮಾಡಿದರೆ ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಕೊಟ್ಟಿಗೆ ಮುಂದೆ ಟ್ರ್ಯಾಕ್ಟರ್ ಹತ್ತಿಸುವ ಒಂದು ಏರು ಇದೆ. ಕಾರಿನ ಮೂತಿ ಮೇಲೆ ಬರುವ ಹಾಗೆ ಅದರ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡು ಚಕ್ರಕ್ಕೂ ಸೈಜುಗಲ್ಲು ಕೊಟ್ಟೆವು. ಈಗ ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರ. ಫನಲ್ ಕೂರಿಸಿ, ರೆಡಿಮಿಕ್ಸ್ ಕೂಲಂಟ್ ಸುರಿದು, ಎಂಜಿನ್ ಶುರು ಮಾಡುವ ಮೊದಲೇ ಮೇಲಿನ ಹೋಸನ್ನು ಹಸುವಿನ ಕೆಚ್ಚಲು ಹಿಂಡುವ ಹಾಗೆ ನಿಧಾನಕ್ಕೆ ಹಿಂಡಿದೆ. ಬುಳಕ್. ಮತ್ತೆ ಬುಳಕ್. ನಿಂಬೆಹಣ್ಣಿನ ಗಾತ್ರದ ಗುಳ್ಳೆಗಳು ಫನಲ್ ತಳದಿಂದ ಎದ್ದು ಒಡೆದವು, ಪ್ರತಿ ಸಲಕ್ಕೂ ಹಸಿರು ಮಟ್ಟ ಒಂದು ಬೆರಳು ಇಳಿಯಿತು. ಎಂಜಿನ್ ಶುರು ಮಾಡಿ, ಹೀಟರ್ ಪೂರ್ತಿ ಬಿಸಿ, ಬ್ಲೋವರ್ ಒಂದಕ್ಕೆ. ಮಾವ ಆಗಾಗ ಆಕ್ಸಿಲರೇಟರ್ ಒತ್ತಿ ಎರಡು ಸಾವಿರ ಸುತ್ತಿಗೆ ತಂದು ಬಿಡುತ್ತಿದ್ದರು. ಎಂಜಿನ್ ಕಾದಂತೆ ದೊಡ್ಡ ಗುಳ್ಳೆ ಹೋಗಿ ಸಾಸಿವೆಕಾಳಿನಷ್ಟು ಸಣ್ಣವು ಸಾಲಾಗಿ ಬಂದವು. ಕೈಗವಸು ಹಾಕಿಕೊಂಡು ಹೀಟರಿನ ಎರಡು ಪೈಪನ್ನೂ ಹಿಂಡುತ್ತಿದ್ದೆ. ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು, ಕೈ, ಬಟ್ಟೆ ಅದರ ಹತ್ತಿರ ಹೋಗಬಾರದು.

ಥರ್ಮೋಸ್ಟಾಟ್ ಈ ಸಲ 83ಕ್ಕೆ ಬಾಯಿ ಬಿಟ್ಟಿತು. ಫನಲ್‌ನಲ್ಲಿದ್ದ ಕೂಲಂಟ್ ಒಂದೇ ಸಲ ಒಳಗೆ ಸರ್ರನೆ ಇಳಿಯಿತು, ನಾನು ಗಡಿಬಿಡಿಯಲ್ಲಿ ಮತ್ತೆ ಸುರಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಾವ ಕೂಗಿದರು, "ಬಂತು ಕಣ್ಲಾ, ಒಲೆ ಮುಂದೆ ಕೂತಂಗೆ ಬಿಸಿ ಬತ್ತಾ ಅದೆ!" ಅಲ್ಲಿಗೂ ನಿಲ್ಲಿಸಲಿಲ್ಲ. ಫ್ಯಾನ್ ಒಂದು ಸಲ ಬಂದು ನಿಂತು, ಎರಡನೇ ಸಲ ಬಂದು ನಿಂತು, ಆಮೇಲೆ ಐದು ನಿಮಿಷ ಒಂದು ಗುಳ್ಳೆಯೂ ಬರದಿದ್ದ ಮೇಲೆ ಎಂಜಿನ್ ಆಫ್ ಮಾಡಿದೆ. ಒಟ್ಟು ನಲವತ್ತು ನಿಮಿಷ. ಒಳಗೆ ಹೋಗಿದ್ದು ಒಂದು ಲೀಟರ್. ಟ್ರೇಗೆ ಬಿದ್ದ 400 ಕಳೆದರೆ 600 ಮಿಲಿ. ಹಿಂದಿನ ವಾರದ 700 ಸೇರಿಸಿದರೆ 1.3 ಲೀಟರ್. ಈ ಕಾರಿನ ಒಟ್ಟು ಕೂಲಂಟ್ 4.5 ಲೀಟರ್. ಕಾಲು ಭಾಗಕ್ಕಿಂತ ಜಾಸ್ತಿ ಜಾಗದಲ್ಲಿ ಗಾಳಿ ಇಟ್ಟುಕೊಂಡು ಎರಡು ತಿಂಗಳು ಓಡಿದೆ ಆ ಎಂಜಿನ್.

ಕೆಲವು ಕಾರುಗಳಲ್ಲಿ ಇಷ್ಟು ಒದ್ದಾಟ ಬೇಡ. ಥರ್ಮೋಸ್ಟಾಟ್ ಮುಚ್ಚಳದ ಮೇಲೋ ಹೀಟರ್ ಪೈಪಿನ ಮೇಲೋ ಗಾಳಿ ಬಿಡುವ ಸ್ಕ್ರೂ ಇರುತ್ತದೆ, ಗುಳ್ಳೆ ಇಲ್ಲದೆ ನೀರಿನ ಧಾರೆ ಬರುವತನಕ ಸಡಿಲಿಸಿ ಬಿಗಿ ಮಾಡಿದರೆ ಆಯಿತು. ಬಹಳ ಸಲ ಅದು ಪ್ಲಾಸ್ಟಿಕ್, ಜೋರಾಗಿ ಬಿಗಿದರೆ ಮುರಿಯುತ್ತದೆ. ಮಾವನ ಕಾರಿನಲ್ಲಿ ಅದು ಇಲ್ಲ.

ಕ್ಯಾಪ್ ಬಗ್ಗೆಯೂ ಹೇಳಲೇಬೇಕು. ಇದರ ಮೇಲೆ 0.9 ಅಂತ ಬರೆದಿದೆ, ಅಷ್ಟು ಬಾರ್ ಒತ್ತಡ ಹಿಡಿದಿಡುತ್ತದೆ ಅಂತ. ನಮ್ಮ ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಚಿಲ್ಲರೆಗೇ ಕುದಿಯುತ್ತದೆ. ಆದರೆ ಕ್ಯಾಪ್ ಹಿಡಿದಿಟ್ಟ ಒತ್ತಡದಲ್ಲಿ ಬರೀ ನೀರು ಕೂಡ 117ರ ಹತ್ತಿರ ಹೋಗುವತನಕ ಕುದಿಯುವುದಿಲ್ಲ, ಕೂಲಂಟ್ ಬೆರೆಸಿದ್ದರೆ ಇನ್ನೂ ಮೇಲೆ. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆದರೆ ಈ ಒತ್ತಡ ಒಂದೇ ಸಲ ಹೋಗಿ ಒಳಗಿನದ್ದೆಲ್ಲ ಕುದ್ದು ಮುಖಕ್ಕೆ ಹಾರುತ್ತದೆ. ಎಷ್ಟೇ ಆತುರ ಇದ್ದರೂ ತೆಗೆಯಬೇಡಿ. ಇದೇ ಕ್ಯಾಪಿನೊಳಗೆ ಇನ್ನೊಂದು ಸಣ್ಣ ವಾಲ್ವ್ ಇದೆ, ಎಂಜಿನ್ ತಣ್ಣಗಾಗುವಾಗ ರಿಸರ್ವ್ ಬಾಟಲಿಯಿಂದ ಕೂಲಂಟ್ ವಾಪಸ್ ಎಳೆದುಕೊಳ್ಳುವುದು ಅದರ ಮೂಲಕ. ಬಾಟಲಿ ಖಾಲಿ ಇದ್ದರೆ ಅಥವಾ ಬಾಟಲಿಯಿಂದ ಬರುವ ಸಣ್ಣ ಪೈಪ್ ಬಿರುಕು ಬಿಟ್ಟಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನೇ. ಮಾವನ ಕಾರಿನಲ್ಲಿ ಆ ಪೈಪಿನ ತುದಿ ಒಣಗಿ ಸೀಳಿತ್ತು, ಎರಡು ಇಂಚು ಕತ್ತರಿಸಿ ಮತ್ತೆ ಸಿಕ್ಕಿಸಿದೆ.

ಬೋರ್ ನೀರಿನ ಗುರುತೂ ಸಿಕ್ಕಿತು. ರೇಡಿಯೇಟರ್ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಕೊಳವೆಗಳ ತುದಿಯಲ್ಲಿ ಬಚ್ಚಲ ಹಂಡೆಯೊಳಗೆ ಕಟ್ಟುತ್ತಲ್ಲ, ಅದೇ ಬಿಳಿ ಪೊರೆ, ತೆಳ್ಳಗೆ. ಮುಂದೆ ಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ ಅಂತ ಎರಡು ಬಾಟಲಿ ಡಿಕ್ಕಿಯಲ್ಲಿ ಇಟ್ಟುಬಂದೆ. ಸಂಕ್ರಾಂತಿ ಆದಮೇಲೆ ಪೂರ್ತಿ ಖಾಲಿ ಮಾಡಿ ತೊಳೆದು ತುಂಬಬೇಕು.

ರಿಸರ್ವ್ ಬಾಟಲಿಗೆ ಮಟ್ಟ ಗುರುತಿಸಿ ಒಂದು ತುಂಡು ಟೇಪ್ ಅಂಟಿಸಿದೆ. ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಿ ಅಂದೆ. ಮೊದಲ ಎರಡು ದಿನ ಒಂದೊಂದು ಬೆರಳು ಇಳಿಯಿತು, ಮೂಲೆಯಲ್ಲಿ ಉಳಿದ ಗಾಳಿ ಹೊರಟು ಅಷ್ಟು ಕೂಲಂಟ್ ಒಳಗೆ ಹೋಗಿದೆ. ಮೂರನೇ ದಿನದಿಂದ ಟೇಪಿನ ಹತ್ತಿರವೇ ನಿಂತಿದೆ. ಹತ್ತು ದಿನ ಬಿಟ್ಟು ಮಾವ, ಅತ್ತೆ, ಇಬ್ಬರು ಮೊಮ್ಮಕ್ಕಳು, ನಾನು, ಅದೇ ಚಾಮುಂಡಿ ಬೆಟ್ಟ, ಮಧ್ಯಾಹ್ನ ಎರಡು ಗಂಟೆ, ಎ.ಸಿ. ಹಾಕಿಕೊಂಡೇ ಹತ್ತಿಸಿದೆವು. ಫೋನಿನಲ್ಲಿ ಕಂಡ ಅತಿ ಹೆಚ್ಚು ನಂಬರ್ 95. ಮೇಲೆ ನಿಲ್ಲಿಸಿದ ಮೇಲೆ ಮಾವ ಇಳಿಯಲಿಲ್ಲ. ಎಂಜಿನ್ ಆಫ್ ಮಾಡಿ, ಡ್ಯಾಶ್‌ಬೋರ್ಡಿಗೆ ಕಿವಿ ಕೊಟ್ಟು ಒಂದು ನಿಮಿಷ ಹಾಗೇ ಕೂತರು.

"ಏನೂ ಸದ್ದಿಲ್ಲ ಕಣ್ಲಾ" ಅಂದು ಬಾಗಿಲು ತೆಗೆದರು.